ಈರಮ್ಮ ಹೆಸರು ಹೇಳದ ಹಣ್ಣು

ಸಿರುಗುಪ್ಪ ತಾಲೂಕಿನಲ್ಲಿ ನಾನು ಬಾಯಿ ಬಿಡಿಸದ ಮನುಷ್ಯನೇ ಇರಲಿಲ್ಲ. ಹೆಸರು ಬರೆದುಕೊಳ್ಳುವ ಗುಮಾಸ್ತನಾಗಿ ನಾನು ಕೂತೆನೆಂದರೆ ಕೆಂಚನಗುಡ್ಡದ ಬಂಡೆಗಲ್ಲೂ ತನ್ನ ಹೆಸರು, ಅಪ್ಪನ ಹೆಸರು, ಕಸುಬು ಹೇಳಿ ಹೆಬ್ಬೆಟ್ಟು ಒತ್ತಿ ಹೋಗುತ್ತಿತ್ತು.

ಈರಮ್ಮ ಕುರುಗೋಡಿನ ಮಗಳು. ತವರಿನ ಬಾವಿಯ ಪಕ್ಕ ಎರಡು ನಿಂಬೆ ಗಿಡಗಳಿದ್ದವು. ಆ ಹಣ್ಣು ಎಂಥ ಹುಳಿಯೆಂದರೆ, ಅಲ್ಲಿ ಕೊಯ್ದರೆ ಬಳ್ಳಾರಿ ಕೋಟೆಯ ಮೇಲಿದ್ದವರ ಹಲ್ಲು ಚುಳ್ಳೆನ್ನುತ್ತಿತ್ತು. ಮದುವೆಯವರೆಗೆ ಅವಳು 'ನಿಂಬಿ' ಎಂಬ ಮಾತನ್ನು ದಿನಕ್ಕೆ ನೂರು ಸಲ ಆಡಿದವಳೇ. ೧೯೪೧ರಲ್ಲಿ ಸಿರುಗುಪ್ಪದ ನಿಂಬೆಪ್ಪನ ಕೈಹಿಡಿದಳು. ಗಂಡನ ಹೆಸರು ಹೇಳಬಾರದಲ್ಲ, ಅಂದಿನಿಂದ ಹಣ್ಣಿನ ಹೆಸರೂ ಅವಳ ಬಾಯಿಂದ ಹೋಯಿತು. ತವರಿನ ಹಣ್ಣು ತಂದು ಸಂತೆಯಲ್ಲಿ ಮಾರುವಾಗ "ಅವ್ರ ಹಣ್ಣು! ಅವ್ರ ಹಣ್ಣು!" ಎಂದೇ ಕೂಗುತ್ತಿದ್ದಳು.

ಪಕ್ಕದ ಮನೆಗೆ ಹೊಸದಾಗಿ ಬಂದ ವಿರೂಪಮ್ಮ, "ಏನ್ ಮಾಡಾಕ ಹತ್ತೀಯವಾ?" ಎಂದು ಕೇಳಿದಾಗ, ಉಪ್ಪಿನಕಾಯಿ ಹಾಕುತ್ತಿದ್ದ ಈರಮ್ಮ, "ಅವ್ರನ್ನ ನಾಕ್ ಹೋಳು ಮಾಡಿ ಉಪ್ಪು ಹಚ್ಚಾಕ ಹತ್ತೀನಿ, ಅಕ್ಕಾ" ಎಂದಳಂತೆ. ವಿರೂಪಮ್ಮ ಓಡಿದ ರಭಸಕ್ಕೆ ಎದ್ದ ಧೂಳು ಮೂರು ದಿನ ಇಳಿಯಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಇಡೀ ಸಂತೆಯೇ "ಎಲ್ಡು ಅವ್ರ ಹಣ್ಣು ಕೊಡ್ರಿ" ಎನ್ನತೊಡಗಿತು.

೧೯೫೨ರಲ್ಲಿ ಸಂತೆಗೆ ತಗಡಿನ ಶೆಡ್ಡು ಬಂತು. ಇಪ್ಪತ್ತು ಜಾಗ; ಬರೆದುಕೊಳ್ಳಲು ಕೂತವನು ನಾನು. ಗಂಡನ ಹೆಸರನ್ನು ಪಕ್ಕದವರು ಹೇಳಿದರೂ ನಡೆಯುತ್ತಿತ್ತು. ಮಾರುವ ಸರಕನ್ನು ಮಾತ್ರ ಸ್ವಂತ ಬಾಯಿಂದಲೇ ಹೇಳಿ ಬರೆಸಬೇಕು. ಕಂಡವರ ಹೆಸರಿನಲ್ಲಿ ಜಾಗ ಹೊಡೆಯುವವರ ಕಾಟಕ್ಕೆ ಮಾಡಿದ ನಿಯಮವದು. ಹತ್ತೊಂಬತ್ತು ಜಾಗ ಮುಗಿದು ಒಂದು ಉಳಿದಾಗ ಈರಮ್ಮ ಮುಂದೆ ಬಂದಳು. ಅವಳ ಬೆನ್ನಿಗೆ ಬದನೆಕಾಯಿಯ ದೊಡ್ಡಬಸಮ್ಮ. ನೆರಳು ಸಿಗದಿದ್ದರೆ ಈರಮ್ಮನ ಹಣ್ಣು ಮಧ್ಯಾಹ್ನಕ್ಕೇ ಬಾಡುತ್ತಿತ್ತು.

"ಸರಕು ಏನವಾ?" ಎಂದೆ.

"ಅವ್ರ ಹಣ್ಣು."

"ನಿನ್ನ ಗಂಡ ಹಣ್ಣು ಬಿಡ್ತಾನೇನು?"

ಸಾಲಿಗೆ ಸಾಲೇ ನಕ್ಕಿತು. ಈರಮ್ಮ ಬುಟ್ಟಿಯಿಂದ ಒಂದು ಹಣ್ಣೆತ್ತಿ ಮೇಜಿನ ಮೇಲಿಟ್ಟಳು.

"ಇದು ಮಾವಿನಹಣ್ಣು ಅಂತ ಬರೀಲೇನು?" ಎಂದು ಗಾಳ ಹಾಕಿದೆ.

"ಕಣ್ಣು ಅದಾವಲ್ರಿ ನಿಮಗ, ನೋಡಿ ಬರೀರಿ."

"ಬಾಯಿಲೆ ಹೇಳಬೇಕು. ಒಂದ ಮಾತು."

"ಹೇಳಿದ್ರ ಅವ್ರ ಆಯುಷ್ಯ ಕಡಿಮಿ ಆಗತೈತಂತ್ರಿ. ತಗಡಿನ ನೆರಳಿಗೆ ಅಷ್ಟು ಕೊಡಾಕಾಗಂಗಿಲ್ಲ."

"ಆಕಿ ಹೇಳಂಗಿಲ್ಲ, ಅತ್ಲಾಗ ಸರಕೊಳ್ಳಾಕ ಹೇಳ್ರಿ," ಎಂದಳು ದೊಡ್ಡಬಸಮ್ಮ. "ಬದನಿಕಾಯಿ ಅಂತ ನಾ ಹತ್ತು ಸಲ ಹೇಳ್ತೀನಿ."

ನಾನು ಲೇಖನಿ ಎತ್ತಿ ಹಿಡಿದು, "ನೋಡವಾ, ಗಂಡ ಹೇಣ್ತಿ ಹೆಸರು ಹೇಳಿದ್ರ ಯಾರೂ ಸಾಯಂಗಿಲ್ಲ. ಎಲ್ಲಾ ಹಳೇ ಮಾತು" ಎಂದೆ.

"ಹೌದೇನ್ರಿ? ಹಂಗಾರ ನಿಮ್ಮ ಮನಿಯಾಕಿ ಹೆಸರು ಹೇಳ್ರಿ. ಬೆನ್ನಿಗೇ ನಾನೂ ಹೇಳ್ತೀನಿ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಹೆಂಡತಿಯನ್ನು "ಏ ಇವಳಾ" ಎಂದಷ್ಟೇ ಕರೆದವನು. ಬಾಯಿ ತೆರೆದೆ. ಸಂತೆಯೆಲ್ಲ ಕಾದು ನಿಂತಿತು. ತಕ್ಕಡಿ ಹಿಡಿದವರು ತಕ್ಕಡಿ ಇಳಿಸಿದರು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಕೊನೆಗೆ ತಲೆ ತಗ್ಗಿಸಿ, ಇಪ್ಪತ್ತನೆಯ ಜಾಗದ ಮುಂದೆ 'ಈರಮ್ಮ, ನಿಂಬೆಹಣ್ಣು' ಎಂದು ನಾನೇ ಬರೆದೆ.

"ವರ್ಷಕ್ಕೊಮ್ಮೆ ತಿರುಗಿ ಬರಸಬೇಕು," ಎಂದು ಗದರಿದೆ. "ಮುಂದಿನ ಸಲ ಬಿಡಂಗಿಲ್ಲ."

"ಆತ್ರಿ ಸಾಹೇಬ್ರ," ಎಂದಳು ಈರಮ್ಮ, ಮೇಜಿನ ಮೇಲಿದ್ದ ಹಣ್ಣನ್ನು ಬುಟ್ಟಿಗೆ ಹಾಕಿಕೊಳ್ಳುತ್ತ. "ಅಷ್ಟ್ರಾಗ ನಿಮ್ಮ ಮನಿ ಅಕ್ಕಾರ ಹೆಸರೇನು ಅಂತ ಯಾರನ್ನರ ಕೇಳಿಟ್ಕೊಂಡು ಬರ್ರಿ."