ಗೋಡೆ ಮೇಷ್ಟ್ರು ಕೇಳಿದ ಆರು ವಾರ

ಕಣ್ಣು ಕಾಣದ ಮಕ್ಕಳಿಗೆ ಅಕ್ಷರ ಕಲಿಸಿದವರು ಬಹಳ ಮಂದಿ. ಬಿಳಿ ಕೋಲು ಹಿಡಿದು ನಿರ್ಭಯವಾಗಿ ನಡೆಯುವುದನ್ನು ಕಲಿಸಿದವರು ಬೆರಳೆಣಿಕೆಯಷ್ಟು. ಅಂಥವರಲ್ಲಿ ಅಗ್ರಗಣ್ಯರಾದ, ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ನಮ್ಮ ಅಂಧ ಮಕ್ಕಳ ಶಾಲೆಯಿಂದ ನಿವೃತ್ತರಾಗುತ್ತಿರುವ ಪೂಜ್ಯರನ್ನು, ಗೋಡೆ ಸವರಿಸಿ ದಾರಿ ಕಲಿಸುವವರೆಂದು, ಮಕ್ಕಳೆಲ್ಲ ಕರೆಯುವುದು ‘ಗೋಡೆ ಮೇಷ್ಟ್ರು’ ಎಂದೇ. ಈ ಅಭಿನಂದನಾ ಸಂಪುಟದ ಉಳಿದ ಲೇಖನಗಳು ಹೊಗಳಿಕೆಗೆ ಕೊರತೆ ಮಾಡಿಲ್ಲ. ಅವರ ವಿದ್ಯಾರ್ಥಿನಿಯಾಗಿದ್ದು ಈಗ ಇದೇ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಈ ಲೇಖಕಿಗೆ ಹೊಗಳುವ ಯೋಗ್ಯತೆಯಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಅವಳು ಶಾಲೆ ಸೇರಿದಾಗ ಮೇಷ್ಟ್ರು ಒಂದು ವಾರವಿಡೀ ಮಲಗುವ ಕೋಣೆಯಿಂದ ನಲ್ಲಿಯವರೆಗಿನ ಒಂದೇ ದಾರಿಯಲ್ಲಿ ನಡೆಸಿದರು. ಹೊಸ ದಾರಿ ಬೇಕೆಂದು ಅವಳು ಹಟ ಹಿಡಿದರೆ, “ಇವತ್ತು ಕಲಿತಿದ್ದು ಇವತ್ತಿಗೆ ಮಾತ್ರ ಕಣಮ್ಮ. ಅದರ ಮೇಲೆ ನಾಲ್ಕು ನಿದ್ದೆ ಆಗ್ಲಿ, ಆಮೇಲೆ ನಿನ್ನದಾಗುತ್ತೆ,” ಎನ್ನುತ್ತಿದ್ದರು. ವಾರ ಮುಗಿದು ಎರಡು ದಿನ ಬಿಟ್ಟು, ನಡೆಯುವಾಗ ಹಿಂದಿನಿಂದ ಕೂಗಿ ಗಾಬರಿಪಡಿಸಿ, ಆಗಲೂ ಕಾಲು ತಪ್ಪದಿದ್ದರೆ ಮಾತ್ರ ಆ ದಾರಿ ಪಾಸು. ಜ್ವರದಲ್ಲಿ ಮಲಗಿದಾಗ ಹಾಸಿಗೆಯ ಪಕ್ಕ ಕುಳಿತು, ಮರೆಯದಿರಲೆಂದು ದಾರಿಯನ್ನು ಬಾಯಲ್ಲಿ ಹೇಳಿಸಿದರು. ವರ್ಷ ಕಳೆಯುವುದರೊಳಗೆ ಆ ಕಟ್ಟಡ ತಲೆಯಿಂದಿಳಿದು ಪಾದಗಳಲ್ಲಿ ವಾಸಮಾಡತೊಡಗಿತ್ತು.

ಶಾಲೆ ಹೊಸ ಕಟ್ಟಡಕ್ಕೆ ಹೊರಟಾಗ, ಮಕ್ಕಳಿಗೆ ಅಲ್ಲಿನ ದಾರಿಗಳನ್ನು ಕಲಿಸಲು ಮೇಷ್ಟ್ರು ಆರು ವಾರ ಕೇಳಿದರು. ಉದ್ಘಾಟನೆಯ ದಿನ ಗೊತ್ತಾಗಿದ್ದರಿಂದ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಎರಡು ದಿನ ಕೊಟ್ಟರು. ಮಕ್ಕಳೇನೋ ಹೊಸ ತಿರುವುಗಳನ್ನೆಲ್ಲ ಗಿಳಿಪಾಠದಂತೆ ಒಪ್ಪಿಸಿದರು. ಮೂರನೆಯ ದಿನ ಊಟದ ಗಂಟೆ ಹೊಡೆಯಿತು. ಹದಿನಾಲ್ಕರ ಈ ಲೇಖಕಿ ಓಡಿಬಂದು, ಯೋಚಿಸದೆ, ಹನ್ನೆರಡನೆಯ ಹೆಜ್ಜೆಗೆ ಎಡಕ್ಕೆ ತಿರುಗಿದಳು. ಹಳೆಯ ಕಟ್ಟಡದಲ್ಲಿ ಅಲ್ಲಿ ಊಟದ ಕೋಣೆಯಿತ್ತು. ಹೊಸದರಲ್ಲಿ ಕೆಳಗಿಳಿಯುವ ಮೆಟ್ಟಿಲುಗಳಿದ್ದವು. ಅವಳ ಬಲಗಾಲು ಇಂದಿಗೂ ಸರಿಯಾಗಿ ಮಡಚುವುದಿಲ್ಲ.

ಈ ಅಪಘಾತದ ವಿಚಾರಣೆಯ ಹಿಂದಿನ ದಿನ ಕಾರ್ಯದರ್ಶಿಗಳು ಆಸ್ಪತ್ರೆಗೆ ಬಂದು, “ಮೇಷ್ಟ್ರು ಆ ಮೆಟ್ಟಿಲು ತೋರಿಸೇ ಇಲ್ಲ ಅಂತ ಹೇಳ್ಬಿಡು ಪುಟ್ಟಿ. ನಿನ್ನ ಹಾಸ್ಟೆಲ್ ಸೀಟಿಗೆ ನಾನಿದ್ದೀನಿ,” ಎಂದರು. ಅವಳು ಹಾಗೆಯೇ ಹೇಳಿದಳು. ನಿಜದಲ್ಲಿ ಮೇಷ್ಟ್ರು ಎರಡು ಸಲ ಅವಳ ಕೈಯನ್ನು ಆ ಮೆಟ್ಟಿಲಿನ ಕಂಬಿಯ ಮೇಲಿಟ್ಟು ತೋರಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಆತುರ ಆಡಳಿತದ್ದು, ಸೇವಾ ಪುಸ್ತಕದಲ್ಲಿ ‘ಕರ್ತವ್ಯಲೋಪ’ ಮೇಷ್ಟ್ರದು. ಮುಖ್ಯೋಪಾಧ್ಯಾಯರ ಹುದ್ದೆ ಕೈತಪ್ಪಿತು. ಅವಳ ಮೂಳೆ ಕೂಡಿದ ಮೇಲೆ ಅವರೇ ಬಂದು ಅದೇ ಮೆಟ್ಟಿಲಿನಿಂದ ಪಾಠ ಶುರುಮಾಡಿದರು. ಆ ಕಾರ್ಯದರ್ಶಿಗಳೇ ಈ ಸಂಪುಟಕ್ಕೆ ಮುನ್ನುಡಿ ಬರೆದಿದ್ದಾರೆ.

ಹದಿನೇಳು ವರ್ಷಗಳ ಮೇಲೆ, ಹೋದ ತಿಂಗಳು, ಅವಳು ಮೇಷ್ಟ್ರ ಮನೆಗೆ ಹೋಗಿ ತಪ್ಪೊಪ್ಪಿಕೊಂಡಳು. ಬೈದರೆ ಸಾಕೆಂದು ಕಾದಳು.

“ತೋರಿಸಿದ್ನಾ? ಆ ಮೆಟ್ಟಿಲು ನಾನು ಬಿಟ್ಟುಬಿಟ್ಟೆ ಅಂತಲೇ ನನ್ನ ನೆನಪು.”

“ತೋರಿಸಿದ್ರಿ ಮೇಷ್ಟ್ರೇ. ಎರಡು ಸಲ.”

“ನೀನು ಒಳ್ಳೆಯವಳಮ್ಮ, ಹಾಗಂತೀಯ,” ಎಂದು ಅವಳ ತಲೆ ಸವರಿದರು.

ಅವರು ದುಡಿದ ಕಾಲವನ್ನು ನಾವು ಹಿಂದಿರುಗಿಸಲಾರೆವು. ಇನ್ನು ಮುಂದೆ ಈ ಲೇಖಕಿ ವಾರವಾರವೂ ಅವರ ಮನೆಗೆ ಹೋಗಿ ‘ತೋರಿಸಿದ್ರಿ’ ಎಂಬ ಆ ಒಂದೇ ಮಾತನ್ನು ಹೇಳುವವಳಿದ್ದಾಳೆ. ಅದನ್ನು ನಂಬುವಷ್ಟು ದೀರ್ಘವಾದ ಆಯುಸ್ಸು ಮೇಷ್ಟ್ರಿಗೆ ಇರಲಿ.