ಹಿತುಕು, ಮಾತಾಡಬೇಡ

ನರ್ಸ್ ಹಾಲಮ್ಮನವರ ಬಿ.ಪಿ. ಮಿಷನ್ನು ಇರುತ್ತಿದ್ದುದು ಅಡುಗೆಮನೆಯ ಗೂಡಿನಲ್ಲಿ. ಅದರ ಒಂದು ಕಡೆ ರಾಗಿಹಿಟ್ಟಿನ ಡಬ್ಬಿ, ಇನ್ನೊಂದು ಕಡೆ ಉಪ್ಪಿನ ಜಾಡಿ. ತೋಳಿಗೆ ಸುತ್ತುವ ಪಟ್ಟಿಗೆ ಸದಾ ಒಗ್ಗರಣೆಯ ವಾಸನೆ. ತರೀಕೆರೆ ಬಸ್ ಸ್ಟಾಂಡಿನ ಹಿಂದಿನ ಬೀದಿಯ ಆ ಮನೆಗೆ ಬಿ.ಪಿ. ತೋರಿಸಲು ಹೋಗಿ, ಅಂಗಿಯ ತೋಳು ಮಡಚಿ ಕೂತರೆ ಮೊದಲು ಬರುತ್ತಿದ್ದುದು ಮಿಷನ್ನಲ್ಲ, ರಾತ್ರಿಯೆಲ್ಲ ನೆನೆದ ಅವರೆಕಾಳು ತುಂಬಿದ ಬೋಗುಣಿ.

"ಮೊದ್ಲು ಇಷ್ಟು ಹಿತುಕು. ಆಮೇಲೆ ನೋಡಾಣ, ನಿನ್ ಪಾದರಸ ಎಲ್ಲಿಗಂಟ ಏರೈತೆ ಅಂತ."

ಸರ್ಕಾರಿ ನರ್ಸಾಗಿ ಲಕ್ಕವಳ್ಳಿ ಕಡೆಯಿಂದ ಅಜ್ಜಂಪುರದ ಕಡೆಯವರೆಗೆ ಊರೂರು ತಿರುಗಿ ಮಕ್ಕಳಿಗೆ ಚುಚ್ಚುಮದ್ದು ಹಾಕಿ, ದೊಡ್ಡವರಿಗೆ ಬೈಗುಳ ಹಾಕಿ ನಿವೃತ್ತರಾದವರು ಹಾಲಮ್ಮ. ಹಣೆಯ ತುಂಬ ವಿಭೂತಿ, ಬಲ ಮಣಿಕಟ್ಟಿನಲ್ಲಿ ಗಂಡಸರ ದೊಡ್ಡ ಗಡಿಯಾರ. ನಿವೃತ್ತಿಯಾದ ಮೇಲೂ ಜನ ಬಿಡಲಿಲ್ಲ. ಎದೆ ಡವಡವ ಅನ್ನುತ್ತದೆ, ನಿದ್ದೆ ಬರುವುದಿಲ್ಲ, ಸೊಸೆಯ ಮುಖ ಕಂಡರೆ ತಲೆ ಸಿಡಿಯುತ್ತದೆ ಎನ್ನುವವರೆಲ್ಲ ಬಂದು ಅವರ ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದರು.

ಅವರ ಪದ್ಧತಿ ಸರಳ. ಉಸಿರು ಒಳಗೆ ಎಳೆದುಕೊಳ್ಳುತ್ತಾ ಒಂದು ಕಾಳು ಹಿಡಿಯಬೇಕು. ಉಸಿರು ಬಿಡುತ್ತಾ ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಹಿತುಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಬೋಗುಣಿಗೆ ಜಾರಬೇಕು. ಅವಸರ ಮಾಡಿದರೆ ಬೇಳೆ ಪುಚಕ್ಕನೆ ಹಾರಿ ಎಲ್ಲೋ ಬೀಳುತ್ತದೆ. ಹಾರಿದ ಬೇಳೆಯಿಂದಲೇ ಹಾಲಮ್ಮ ರೋಗ ಹೇಳುತ್ತಿದ್ದರು. ಗೋಡೆಗೆ ಬಿದ್ದರೆ ಮನೆಯ ಜಗಳ, ಹೊಸಿಲು ದಾಟಿದರೆ ಆಫೀಸಿನ ಜಗಳ. ತಮ್ಮ ಮೂಗಿಗೇ ಹೊಡೆದುಕೊಂಡವರಿಗೆ ಮಾತ್ರ, "ನಿಂಗೆ ಬ್ಯಾರೆ ಯಾರೂ ಶತ್ರು ಇಲ್ಲ ಬಿಡಪ್ಪ" ಎನ್ನುತ್ತಿದ್ದರು.

ಬೀದಿಯವರು ಆಡಿಕೊಳ್ಳದೆ ಇರುತ್ತಾರೆಯೇ? ಹಾಲಮ್ಮನ ಮನೆಯಲ್ಲಿ ಹಿತುಕಿದ ಬೇಳೆ ಸಾರು ಆಗಬೇಕಾದರೆ ಬೇಕಾದ್ದು ಎರಡೇ, ಸೊಗಡಿನ ಅವರೆ ಮತ್ತು ನಾಲ್ಕು ಜನ ಕೋಪಿಷ್ಠರು ಎನ್ನುತ್ತಿದ್ದರು. ಅವರೆ ಕಾಲ ಮುಗಿದರೆ ಹುಣಸೆಹಣ್ಣಿನ ಬೀಜ ಬಿಡಿಸುವ ಚಿಕಿತ್ಸೆ, ಆಮೇಲೆ ಬೆಳ್ಳುಳ್ಳಿ, ಶ್ರಾವಣಕ್ಕೆ ಹೂಬತ್ತಿ. ಅವರ ಮನೆಯ ವರ್ಷದ ಹುಣಸೆಹಣ್ಣನ್ನು ತಾಲ್ಲೂಕಿನ ತಲೆನೋವುಗಳೇ ಹಸನು ಮಾಡಿವೆ ಎಂದು ನಾನೂ ಅವರ ಎದುರಿಗೇ ಹೇಳಿದ್ದೇನೆ. ಅವರು ಬೇಸರಪಡಲಿಲ್ಲ.

"ಹೌದು ಕಣೋ. ಸುಮ್ನೆ ಕೂತು ಏನೂ ಯೋಚ್ನೆ ಮಾಡ್ಬ್ಯಾಡ ಅಂದ್ರೆ ನಮ್ ಜನ ಇಲ್ದಿದ್ದ ಯೋಚ್ನೇನೂ ಮಾಡ್ತಾರೆ. ಕೈಗೊಂದು ಕೆಲ್ಸ ಕೊಡು, ಉಸ್ರು ತಾನಾಗೇ ತಣ್ಣಗೆ ಕೂತ್ಕಂತದೆ."

ಹಾಗೆಂದು ಅವರಿಗೆ ಯೋಗ ಧ್ಯಾನಗಳ ಮೇಲೆ ತಾತ್ಸಾರವಿರಲಿಲ್ಲ. ಒಮ್ಮೆ ಕಲ್ಯಾಣಮಂಟಪದಲ್ಲಿ ನಡೆದ ಯೋಗ ಶಿಬಿರಕ್ಕೆ ಚಾಪೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಮಲಗಿದವರು ಅವರೇ. ಕಣ್ಣು ಮುಚ್ಚಿ ಎದೆಯಲ್ಲಿ ಒಂದು ಬಿಳಿ ಕಮಲವನ್ನು ನೋಡಿ ಎಂದು ಗುರುಗಳು ಹೇಳುತ್ತಿದ್ದಂತೆ ಹಾಲಮ್ಮ ದಡಕ್ಕನೆ ಎದ್ದು ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದರು. ಗುರುಗಳು ಗಾಬರಿಯಾದರು. ಮರುದಿನ ಕೇಳಿದ್ದಕ್ಕೆ, "ಕಮಲ ಬರ್ಲಿಲ್ಲ ಸ್ವಾಮಿ, ಒಲೆ ಮ್ಯಾಲಿಟ್ಟಿದ್ದ ಹಾಲು ಬಂತು. ನಿಮ್ ಧ್ಯಾನ ಭಾಳ ಒಳ್ಳೇದು, ಉಕ್ಕೋಕೆ ಮುಂಚೆ ಹೋಗಿ ಇಳಿಸ್ದೆ" ಎಂದರಂತೆ.

ನಾನು ಅವರ ಬೋಗುಣಿಯ ಮುಂದೆ ಕೂತದ್ದು ತಮಾಷೆಗಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಮಧ್ಯೆ ಬಸ್ಸು ಓಡಿಸುವವನು ನಾನು. ಆ ವರ್ಷದ ವೈದ್ಯಕೀಯ ಪರೀಕ್ಷೆಯಲ್ಲಿ ನನ್ನ ಬಿ.ಪಿ. ಹೆಚ್ಚಿತ್ತು. ಡಾಕ್ಟರು ಮಾತ್ರೆ ಬರೆದು, ತಿಂಗಳು ಬಿಟ್ಟು ಬನ್ನಿ, ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಬೇಡಿ ಎಂದು ರಜೆ ಹಾಕಿಸಿದರು. ಆಗಲೂ ಇಳಿಯದಿದ್ದರೆ ಡಿಪೋದಲ್ಲಿ ಬೇರೆ ಕೆಲಸ. ಸ್ಟೇರಿಂಗ್ ಬಿಟ್ಟರೆ ನನ್ನ ಕೈಗಳಿಗೆ ಬೇರೇನೂ ತಿಳಿಯದು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಬಲಗಾಲು ಬ್ರೇಕು ಹುಡುಕುತ್ತಿತ್ತು.

ಮೊದಲ ದಿನ ನಾನು ಹಿತುಕಿದ ಬೇಳೆ ಹೊಸಿಲು ದಾಟಿ ರಸ್ತೆಗೆ ಹೋಯಿತು. ಎರಡನೆಯದು ಹಾಲಮ್ಮನ ಟೀ ಲೋಟಕ್ಕೆ ಬಿತ್ತು. ಅವರು ಅದನ್ನು ಚಮಚದಲ್ಲಿ ಎತ್ತಿ ನೋಡಿದರು.

"ಯಾರ ಮ್ಯಾಲಪ್ಪ ಇದು ಶೇಖ್ರಪ್ಪ?"

"ಬೀರೂರ ಹತ್ರ ಆಟೋದವ್ನು ಅಡ್ಡ ಬಂದ ಕಣಕ್ಕ. ಕೈ ತೋರಿಸ್ದೆ ತಿರುಗಿಸ್ಬಿಟ್ಟ."

"ಯಾವತ್ತು?"

"ರಜಾ ಹಾಕೋ ಮುಂಚೆ. ಹದಿನೈದು ದಿನ ಆಯ್ತೇನೋ."

"ಅವ್ನು ಆವತ್ತೇ ಮನೆಗೋಗಿ ಉಂಡು ಮಲಗ್ದ. ನೀನು ಇನ್ನೂ ಹಾರನ್ ಹೊಡೀತಾ ಕೂತಿದೀಯ."

"ಅಲ್ಲಕ್ಕ, ಅವ್ನು ಹೆಂಗೆ ಬಂದ ಅಂದ್ರೆ..."

"ಹಿತುಕು, ಮಾತಾಡ್ಬ್ಯಾಡ."

ದಿನಾ ಬೆಳಿಗ್ಗೆ ಹೋದೆ. ಮಾತ್ರೆ ನುಂಗಿದ್ದೀನಿ ಎಂದು ಹೇಳುವವರೆಗೆ ಒಳಗೆ ಬಿಡುತ್ತಿರಲಿಲ್ಲ. ಒಂದು ದಿನ ನಾನು, ಅವರೆಯಿಂದಲೇ ಬಿ.ಪಿ. ಇಳಿಯುತ್ತಿದೆಯಲ್ಲ, ಮಾತ್ರೆ ಯಾಕೆ ಎಂದು ಜಾಣತನ ತೋರಿಸಿದೆ. "ಬ್ರೇಕು ಚೆನ್ನಾಗೈತೆ ಅಂತ ಸ್ಟೇರಿಂಗ್ ಬಿಡ್ತೀಯೇನೋ?" ಎಂದರು. ಆಮೇಲೆ ಕೇಳಲಿಲ್ಲ. ಮೂರನೆಯ ವಾರಕ್ಕೆ ಬೇಳೆ ಹಾರುವುದು ನಿಂತಿತು. ಹೆಗಲು ಕಿವಿಯ ಹತ್ತಿರದಿಂದ ತನ್ನ ಜಾಗಕ್ಕೆ ಇಳಿದಿತ್ತು. ಆದರೆ ಡಾಕ್ಟರ ಕೊಠಡಿಯನ್ನು ನೆನೆಸಿಕೊಂಡರೆ ಮತ್ತೆ ಎದೆ ಹಾರುತ್ತಿತ್ತು. ಆದ್ದರಿಂದ ಪರೀಕ್ಷೆಯ ದಿನ ನಾನೊಂದು ಪೆದ್ದುತನ ಮಾಡಿದೆ. ಹಾಲಮ್ಮನಿಗೂ ಹೇಳದೆ ಒಂದು ಹಿಡಿ ನೆನೆದ ಅವರೆಕಾಳನ್ನು ಕರವಸ್ತ್ರದಲ್ಲಿ ಕಟ್ಟಿ ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದೆ.

ಆಸ್ಪತ್ರೆಯ ಬೆಂಚಿನ ಮೇಲೆ ನನ್ನಂತೆಯೇ ಕಾಯುತ್ತಿದ್ದ ಡ್ರೈವರುಗಳು ಐದು ಜನ. ನಾನು ಗಂಟು ಬಿಚ್ಚಿ ಹಿತುಕತೊಡಗಿದೆ. ಪಕ್ಕದವನು ಏನಣ್ಣ ಇದು ಎಂದ. ಹೇಳಿದೆ. ನಕ್ಕ. ಸ್ವಲ್ಪ ಹೊತ್ತಿಗೆ ಕೈ ಚಾಚಿ, "ನಂಗೂ ನಾಲ್ಕು ಕೊಡಣ್ಣ, ಒಳಗೆ ಹೋದ್ರೆ ನಂದೂ ಏರುತ್ತೆ" ಎಂದ. ನರ್ಸು ಹೊರಗೆ ಬಂದು ನನ್ನ ಹೆಸರು ಕರೆಯುವಾಗ ಐದೂ ಜನ ಖಾಕಿಯವರು ಕಣ್ಣು ಅರೆಮುಚ್ಚಿ ಅವರೆ ಹಿತುಕುತ್ತಿದ್ದರು. ಬೆಂಚಿನ ಕೆಳಗೆಲ್ಲ ಸಿಪ್ಪೆ.

ಅದನ್ನೆಲ್ಲ ಗುಡಿಸಿ, ಬೇಳೆಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡೇ ಒಳಗೆ ಹೋಗಬೇಕಾಯಿತು. ನನ್ನ ಜೇಬಿನಿಂದ ಹೊಟ್ಟೆಯವರೆಗೆ ಒದ್ದೆ. ಡಾಕ್ಟರು ಪಟ್ಟಿ ಸುತ್ತುವಾಗ ಕೈಯಲ್ಲಿ ಕಾಳಿಲ್ಲ, ಆದರೂ ಇನ್ನೊಂದು ಕೈಯ ಬೆರಳು ತಾನಾಗಿಯೇ ಹಿತುಕುತ್ತಿತ್ತು.

"ಏನ್ರೀ ಅದು, ಬೆರಳು ಆಡಿಸ್ತಾ ಇದೀರಲ್ಲ?"

"ಅವರೆಕಾಳು ಸಾರ್."

ಅವರು ನನ್ನ ಖಾಲಿ ಬೆರಳುಗಳನ್ನು ನೋಡಿದರು, ಒದ್ದೆಯಾದ ಜೇಬನ್ನು ನೋಡಿದರು. ಒಂದಿಷ್ಟು ಹೊತ್ತು ಬಿಟ್ಟು ಎರಡು ಸಲ, ಮೂರು ಸಲ ಪರೀಕ್ಷಿಸಿದರು. "ಗಾಡಿ ಓಡಿಸಿ. ಮಾತ್ರೆ ಬಿಡ್ಬೇಡಿ. ಆ ಅವರೆಕಾಳೂ ಬಿಡ್ಬೇಡಿ" ಎಂದು ಸಹಿ ಹಾಕಿದರು.

ಕಾಗದ ಹಿಡಿದು ನೇರ ಹಾಲಮ್ಮನ ಮನೆಗೆ ಬಂದೆ. ಅವರು ಕಾಗದವನ್ನು ಎರಡು ಸಲ ಓದಿ ವಿಭೂತಿ ಗಟ್ಟಿಯ ಪಕ್ಕ ಇಟ್ಟು ಕೈಮುಗಿದರು. ಆಮೇಲೆ ನಾನು ಕೊಟ್ಟ ಕರವಸ್ತ್ರದ ಬೇಳೆಯನ್ನು ಮೂಸಿ ನೋಡಿ, "ಆಸ್ಪತ್ರೆ ವಾಸ್ನೆ ಹತ್ತೈತೆ. ಸಾರಿಗೆ ಬರಾಕಿಲ್ಲ" ಎಂದರು. ಸಾರನ್ನು ಮಾತ್ರ ಅದರಲ್ಲೇ ಮಾಡಿ ನನಗೆ ಮುದ್ದೆ ಬಡಿಸಿದರು.

ಈಗ ಹಾಲಮ್ಮ ಇಲ್ಲ. ಕೊನೆಯ ಸಲ ನೋಡಿದ್ದು ಹೋದ ವರ್ಷದ ಅವರೆ ಕಾಲದಲ್ಲಿ. ಅವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದೆ ಎಂದು ಕಂಡಕ್ಟರು ಹೇಳಿದಾಗ ಬಸ್ಸನ್ನು ಸ್ಟಾಂಡಿನಲ್ಲಿ ನಿಲ್ಲಿಸಿ ಓಡಿದೆ. ಗೋಡೆಗೆ ಒರಗಿ ಕೂತಿದ್ದರು. ದೊಡ್ಡ ಗಡಿಯಾರ ಎಡಗೈಗೆ ಬಂದಿತ್ತು. ಬೋಗುಣಿ ಮಾತ್ರ ಎಂದಿನಂತೆ ಮುಂದೆ.

"ಅಕ್ಕ, ನಿಮ್ ಬಿ.ಪಿ. ಯಾರು ನೋಡ್ತಿದ್ರು?" ಎಂದೆ.

"ನಂದು ಯಾರು ನೋಡ್ತಾರೋ? ಬಂದೋರೆಲ್ಲ ತೋಳು ಚಾಚೋರೇ."

ಅವರು ತಮಾಷೆಗೇ ಹೇಳಿದ್ದು. ನನಗೆ ನಗು ಬರಲಿಲ್ಲ. ಎಷ್ಟೋ ದಿನ ಬೆಳಿಗ್ಗೆ ನಾನೇ ಆ ಪಟ್ಟಿಯನ್ನು ಬಿಚ್ಚಿ ಸುತ್ತಿಟ್ಟು ಗೂಡಿಗೆ ಸೇರಿಸಿದ್ದೆ. ಒಂದು ದಿನವಾದರೂ ಅವರ ತೋಳಿಗೆ ಸುತ್ತಬೇಕೆಂದು ಹೊಳೆಯಲಿಲ್ಲ.

ಅವರ ಎಡಗೈಗೆ ಒಂದು ಕಾಳು ಕೊಟ್ಟೆ. ಅಭ್ಯಾಸವಿಲ್ಲದ ಬೆರಳು ಒರಟಾಗಿ ಒತ್ತಿತು. ಬೇಳೆ ಪುಚಕ್ಕನೆ ಹಾರಿ ಹೊಸಿಲು ದಾಟಿ ರಸ್ತೆಗೆ ಬಿತ್ತು. ಇಬ್ಬರೂ ಅದು ಹೋದ ದಾರಿಯನ್ನೇ ನೋಡಿದೆವು.

"ಯಾರ ಮ್ಯಾಲಕ್ಕ ಇದು?"

"ಈ ಬಲಗೈ ಮ್ಯಾಲೆ ಕಣೋ," ಎಂದರು. "ಇಷ್ಟು ವರ್ಷ ಅನ್ನ ಹಾಕಿದೀನಿ, ಈಗ ಮಾತೇ ಕೇಳಲ್ಲ ಅಂತದೆ. ಡಾಕ್ಟ್ರು ಏನಂತಾರೆ ಅಂದ್ರೆ..."

"ಹಿತುಕಿ ಅಕ್ಕ, ಮಾತಾಡ್ಬ್ಯಾಡಿ."

ಹಾಲಮ್ಮ ನನ್ನನ್ನು ಒಂದು ಗಳಿಗೆ ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡು ಇನ್ನೊಂದು ಕಾಳು ಹಿಡಿದರು. ಬಸ್ ಸ್ಟಾಂಡಿನಿಂದ ಕಂಡಕ್ಟರ ಸೀಟಿ ಒಂದು ಸಲ ಕೇಳಿತು, ಎರಡು ಸಲ ಕೇಳಿತು. ನಾನು ಏಳಲಿಲ್ಲ. ಬೇಳೆ ಮೆಲ್ಲಗೆ ಜಾರಿ ಬೋಗುಣಿಗೆ ಬೀಳುವವರೆಗೆ ಅಜ್ಜಂಪುರದ ಬಸ್ಸು ಕಾಯಿತು.