ಅಳಿಯ ಕಾಯಿಸಿದ ಚಾಕೊಲೇಟ್

ಹಾಟ್ ಚಾಕೊಲೇಟ್ ಎಂಬ ಪದಾರ್ಥದ ಬಗ್ಗೆ ನನಗೆ ಆಗಲೂ ಒಳ್ಳೆಯ ಅಭಿಪ್ರಾಯವಿರಲಿಲ್ಲ, ಈಗಲೂ ಇಲ್ಲ. ಮಕ್ಕಳಿಗೆ ಪುಡಿ ಕಲಸಿ ಕೊಡುವ ಹಾಲಿನ ಮಾತಲ್ಲ ಇದು. ಯುರೋಪಿನವರು ಹೀಗೇ ಕುಡಿಯುವುದು ಎಂದು ಹೇಳಿಕೊಂಡು ನನ್ನ ಷಡ್ಡಕ ವೈಟ್‌ಫೀಲ್ಡಿನ ತನ್ನ ಫ್ಲಾಟಿನಲ್ಲಿ ಭಾನುವಾರಗಳಂದು ಕಾಯಿಸುತ್ತಿದ್ದನಲ್ಲ, ಚಮಚ ನೆಟ್ಟರೆ ನಿಲ್ಲುವಂಥ ಗಟ್ಟಿ ದ್ರವ, ಅದರ ಮಾತು. ನಮ್ಮ ಕಾರ್ಖಾನೆಯಲ್ಲಿ ಬೇರಿಂಗುಗಳಿಗೆ ತುಂಬುತ್ತಿದ್ದ ಗ್ರೀಸಿಗೂ ಅದಕ್ಕೂ ನೋಡುವುದಕ್ಕೆ ದೊಡ್ಡ ವ್ಯತ್ಯಾಸವಿರಲಿಲ್ಲ. ಗ್ರೀಸಿನಿಂದ ಏನಾದರೂ ಉಪಯೋಗವಿತ್ತು.

ಷಡ್ಡಕ ನನ್ನ ಹೆಂಡತಿಯ ತಂಗಿಯ ಗಂಡ. ಕಂಪನಿಯವರು ಅವನನ್ನು ಒಂದು ಚಳಿಗಾಲದ ಮಟ್ಟಿಗೆ ಬೆಲ್ಜಿಯಂಗೆ ಕಳಿಸಿದ್ದರು. ಹೋಗಿದ್ದು ಒಂದೇ ಚಳಿಗಾಲ, ಅದರ ವರ್ಣನೆ ಮಾತ್ರ ವರ್ಷಗಟ್ಟಲೆ ನಡೆಯಿತು. ಅಲ್ಲಿನವರು ಹಿಮದಲ್ಲಿ ಮರಗಟ್ಟಿದ ಕೈ ಬೆಚ್ಚಗಾಗಲಿ ಎಂದು ಕುಡಿಯುವುದನ್ನು ಇವನು ಏಪ್ರಿಲ್ ತಿಂಗಳಿನಲ್ಲಿ ಫ್ಯಾನ್ ಹಾಕಿಕೊಂಡು, ಹಣೆ ಒರೆಸಿಕೊಳ್ಳುತ್ತ ಕುಡಿಯುತ್ತಿದ್ದ. ಅಡುಗೆಮನೆಯಲ್ಲಿ ಅದಕ್ಕೆಂದೇ ತೂಕದ ಯಂತ್ರ, ತಂತಿ ಬುಟ್ಟಿಯಂಥ ಒಂದು ಕಡೆಗೋಲು, ಹಾಲಿಗೆ ಜ್ವರ ಬಂದಿದೆಯೇ ಎಂದು ನೋಡುವುದಕ್ಕೆ ಥರ್ಮಾಮೀಟರು. "ಹಾಲು ಕುದೀಬಾರ್ದು ಬ್ರದರ್, ಕುದಿಸಿದ್ರೆ ಟೆಕ್ಸ್‌ಚರ್ ಹೊರಟೋಗುತ್ತೆ" ಎಂದು ನನಗೆ ಪಾಠ ಹೇಳುತ್ತಿದ್ದ. ನಾನು ಅವನಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವನು. ಆದರೂ ನಾನು ಅವನಿಗೆ ಬ್ರದರ್.

ಇಷ್ಟು ಅಸಹ್ಯಪಟ್ಟ ಮೇಲೂ ಆ ದ್ರವವನ್ನು ನಾನು ಮರೆಯಲಾರದೆ ಇರುವುದಕ್ಕೆ ನನ್ನ ಅತ್ತೆ ಕಾರಣ. ಮಾವನವರು ಆನೇಕಲ್ಲಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಅವರು ತೀರಿಕೊಂಡು ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತೆಯನ್ನು ಜಾಲಹಳ್ಳಿಯ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಬಂದವರು ಅಳಲಿಲ್ಲ, ರಂಪ ಮಾಡಲಿಲ್ಲ. ಊಟ ಬಿಟ್ಟರು, ಅಷ್ಟೆ. ನನ್ನ ಹೆಂಡತಿ ಶಾಲೆಯಲ್ಲಿ ಪಾಠ ಮಾಡಿ ಬಂದು, ಸೀರೆ ಕೂಡ ಬದಲಾಯಿಸದೆ, ಬಸ್ಸಾರು ಮುದ್ದೆ ಮಾಡುವಳು, ಹಿತಕಿದ ಬೇಳೆ ಮಾಡುವಳು, ಏನೂ ಬೇಡವೆಂದರೆ ಗಂಜಿ ಕಾಯಿಸುವಳು. ಅತ್ತೆ ಎರಡು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿ, "ಯಾಕೋ ಸೇರಲ್ಲ ಕಣವ್ವ" ಎನ್ನುವರು. ರವಿಕೆ ಹೆಗಲ ಮೇಲೆ ನಿಲ್ಲದಷ್ಟು ಇಳಿದುಹೋದರು. ಡಾಕ್ಟರು ನೋಡಿ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದರು. ಮಾವನವರು ಕೊನೆಗಾಲದಲ್ಲಿ ಅಂಥದೇ ನಳಿಕೆ ಹಾಕಿಸಿಕೊಂಡು ಮಲಗಿದ್ದರು. ಅಮ್ಮನನ್ನು ಹಾಗೆ ನೋಡಲಾರೆ ಎಂದು ಹೆಂಡತಿ ನನ್ನೆದುರು ಗೋಡೆ ಹಿಡಿದುಕೊಂಡು ಅತ್ತಳು.

ಆ ದಿನಗಳಲ್ಲೇ ಒಂದು ಭಾನುವಾರ ನಾದಿನಿ ನಮ್ಮನ್ನೆಲ್ಲ ವೈಟ್‌ಫೀಲ್ಡಿಗೆ ಕರೆದಳು. ತುಮಕೂರು ರಸ್ತೆಯಲ್ಲಿ ಮೆಟ್ರೋ ಇನ್ನೂ ಬರೀ ಕಂಬಗಳಾಗಿ ನಿಂತಿದ್ದ ಕಾಲ. ಧೂಳು ಕುಡಿದು, ಹೆಬ್ಬಾಳದಲ್ಲಿ ನಿಂತು, ರಿಂಗ್ ರಸ್ತೆಯಲ್ಲಿ ತೆವಳಿ, ನಾವು ಆ ಎತ್ತರದ ಕಟ್ಟಡ ಮುಟ್ಟುವಷ್ಟರಲ್ಲಿ ಅತ್ತೆಯ ಮುಖ ಬಾಡಿಹೋಗಿತ್ತು. ಹಾಗಿದ್ದರೂ ಅವರು ಸೋಫಾದಲ್ಲಿ ಕೂರಲಿಲ್ಲ. ಇಬ್ಬರು ಅಳಿಯಂದಿರು ಎದುರಿಗಿರುವಾಗ ಅವರು ಎಂದೂ ಸರಿಯಾಗಿ ಕೂತವರಲ್ಲ. ತಲೆ ಮೇಲೆ ಸೆರಗು ಹೊದ್ದು, ಊಟದ ಮೇಜಿನ ಕುರ್ಚಿಯ ತುದಿಯಲ್ಲಿ, ಈಗೆದ್ದೆ ಆಗೆದ್ದೆ ಎನ್ನುವ ಹಾಗೆ ಕುಳಿತರು.

ಷಡ್ಡಕ ಏಪ್ರನ್ ಕಟ್ಟಿಕೊಂಡ. ಕಪ್ಪು ಚಾಕೊಲೇಟಿನ ಗಟ್ಟಿಯನ್ನು ಚಾಕುವಿನಿಂದ ಹೆರೆದು ತೂಕ ಹಾಕಿದ. ಕೆನೆ ತೆಗೆಯದ ಹಾಲನ್ನು ಸಣ್ಣ ಉರಿಯಲ್ಲಿಟ್ಟ. ತಣ್ಣಗಿನ ಹಾಲಿನಲ್ಲಿ ಕಾರ್ನ್‌ಫ್ಲೋರ್ ಕದಡಿ ಅದಕ್ಕೆ ಸುರಿದ, ಚಿಟಿಕೆ ಉಪ್ಪು ಹಾಕಿದ, ದಾಲ್ಚಿನ್ನಿ ತುಂಡು ಹಾಕಿ ತೆಗೆದ. ಇಷ್ಟಕ್ಕೂ ಒಂದೊಂದಕ್ಕೆ ಒಂದೊಂದು ವ್ಯಾಖ್ಯಾನ. ಗಂಡಸೊಬ್ಬ ಒಲೆ ಮುಂದೆ ನಿಂತು ಅಷ್ಟು ಹೊತ್ತು ಕೈಯಾಡಿಸುವುದನ್ನು ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದರು. ಅವರಿಗೆ ಸೋಜಿಗವಾಗಿದೆ ಎಂದುಕೊಂಡೆ. ನನಗಂತೂ ನಾಚಿಕೆಯಾಗುತ್ತಿತ್ತು, ಅವನ ಪರವಾಗಿ.

ಕೊನೆಗೆ ಅವನು ಪಿಂಗಾಣಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಅತ್ತೆ ಎದ್ದು ನಿಂತರು. ಅವರು ಎಂದೂ ಲೋಟಕ್ಕೆ ತುಟಿ ತಾಗಿಸಿದವರಲ್ಲ. ನೀರಾಗಲಿ ಕಾಫಿಯಾಗಲಿ ಎತ್ತಿ ಬಾಯಿಗೆ ಸುರಿದುಕೊಳ್ಳುವುದೇ ರೂಢಿ. ಇದನ್ನೂ ಹಾಗೆಯೇ ಎತ್ತಿದರು. ಏನೂ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದರು. ಆಗಲೂ ಇಲ್ಲ. ಮತ್ತೆ ಸ್ವಲ್ಪ ಬಗ್ಗಿಸಿದ್ದೇ ತಡ, ಒಳಗಿದ್ದದ್ದೆಲ್ಲ ಒಂದೇ ಮುದ್ದೆಯಾಗಿ ಜಾರಿ ಮೂಗು, ಗಲ್ಲ, ಸೆರಗು ಎಲ್ಲ ಕಪ್ಪಾಯಿತು. ನಾದಿನಿ ಟಿಶ್ಯೂ ತರಲು ಓಡಿದಳು. ಬೆಲ್ಜಿಯಂ ನೋಡಿ ಬಂದ ಮಹಾನುಭಾವನಿಗೆ ಅತ್ತೆ ಹೇಗೆ ಕುಡಿಯುತ್ತಾರೆ ಎನ್ನುವುದು ಗೊತ್ತಿರಲಿಲ್ಲ, ಮದುವೆಯಾಗಿ ಅಷ್ಟು ವರ್ಷವಾದ ಮೇಲೂ.

"ಪರ್ವಾಗಿಲ್ಲ ಅತ್ತೆ, ಸ್ಪೂನಲ್ಲಿ ತಿನ್ನಿ" ಎಂದು ಇನ್ನೊಂದು ಕಪ್ ತುಂಬಿಸಿ ತಂದ. ಅತ್ತೆ ನಿಂತುಕೊಂಡೇ, ಚಮಚದಲ್ಲಿ, ಅಷ್ಟನ್ನೂ ತಿಂದರು. ತಳ ಕೆರೆದು ತಿಂದರು. ನನ್ನ ಹೆಂಡತಿ ಬಾಲ್ಕನಿಗೆ ಹೋಗಿ ಕಣ್ಣೊರೆಸಿಕೊಂಡಳು. ಅತ್ತೆಯ ಮುಖ ಮಾತ್ರ ಕಷಾಯ ಕುಡಿಯುವವರ ಮುಖದ ಹಾಗಿತ್ತು. ಅದನ್ನು ನಾನು ಗಮನಿಸಿದ್ದೆ, ಏಕೆಂದರೆ ನನ್ನ ಮುಖವೂ ಹಾಗೇ ಇತ್ತು.

ಅಲ್ಲಿಂದ ಷಡ್ಡಕನನ್ನು ಹಿಡಿಯುವವರಿಲ್ಲ. "ಕೋಕೋದಲ್ಲಿ ಮನಸ್ಸನ್ನ ಎತ್ತೋ ಅಂಶ ಇರುತ್ತೆ ಬ್ರದರ್. ಇವ್ರಿಗೆ ಬೇಕಾಗಿದ್ದು ಊಟ ಅಲ್ಲ, ಅದು" ಎಂದ. ಹೆಂಡತಿ ಅವನು ಹೇಳಿದ್ದನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಳು. ಮಾರನೆಯ ದಿನವೇ ಸೂಪರ್ ಮಾರ್ಕೆಟ್ಟಿನಿಂದ ಕಪ್ಪು ಚಾಕೊಲೇಟು ತಂದು, ಸಣ್ಣ ಉರಿಯಲ್ಲಿ, ಹಾಲು ಕುದಿಯದಂತೆ ಕಾಯುತ್ತ ನಿಂತು ಮಾಡಿದಳು. ನನಗೆ ತಿಳಿದ ಮಟ್ಟಿಗೆ ಷಡ್ಡಕನದಕ್ಕಿಂತ ಅದು ನುಣ್ಣಗಿತ್ತು. ಅತ್ತೆ ಒಂದು ಚಮಚ ಬಾಯಿಗಿಟ್ಟು, "ಸೇರಲ್ಲ ಕಣವ್ವ, ನೀನೇ ಕುಡ್ಕೊ" ಎಂದರು. ಉಳಿದದ್ದನ್ನು ನಾನು ತಿನ್ನಬೇಕಾಯಿತು.

ಫೋನಿನಲ್ಲಿ ವಿಚಾರಣೆ ನಡೆಯಿತು. ಯಾವ ಹಾಲು, ನೀಲಿ ಪ್ಯಾಕೆಟ್ಟೋ ಕಿತ್ತಳೆಯೋ, ಚಾಕೊಲೇಟಿನಲ್ಲಿ ಕೋಕೋ ಎಷ್ಟು ಪಾಲು, ಕೈಯಾಡಿಸಿದ್ದು ಸೌಟಿನಲ್ಲೋ ತಂತಿ ಕಡೆಗೋಲಿನಲ್ಲೋ. ಹೆಂಡತಿ ತಪ್ಪು ಮಾಡಿದ ವಿದ್ಯಾರ್ಥಿನಿಯಂತೆ ಉತ್ತರ ಕೊಟ್ಟಳು, ಅವನು ಹೇಳಿದಂತೆ ಮತ್ತೆ ಮಾಡಿದಳು, ಅತ್ತೆ ಮತ್ತೆ ಸರಿಸಿದರು. ಮುಂದಿನ ಶನಿವಾರ ಷಡ್ಡಕನೇ ತನ್ನ ಸಲಕರಣೆಗಳನ್ನೆಲ್ಲ ಬ್ಯಾಗಿನಲ್ಲಿ ತುಂಬಿಕೊಂಡು, ಹೆಣ್ಣು ನೋಡಲು ಬಂದವನ ಠೀವಿಯಲ್ಲಿ ಜಾಲಹಳ್ಳಿಗೆ ಬಂದ. ನಮ್ಮ ಗ್ಯಾಸ್ ಒಲೆ ನೋಡಿ ಒಂದು ನಿಟ್ಟುಸಿರು ಬಿಟ್ಟ. ಮಾಡಿದ, ಎರಡೂ ಕೈಯಲ್ಲಿ ತಂದ. ಅತ್ತೆ ಎದ್ದು ನಿಂತು, ಪೂರ್ತಿ ತಿಂದರು.

ಸುದ್ದಿ ನೆಂಟರಲ್ಲೆಲ್ಲ ಹರಡಿತು. ಆನೇಕಲ್ಲಿನಿಂದ, ಅತ್ತಿಬೆಲೆಯಿಂದ ಫೋನುಗಳು. ಅಳಿಯ ಅಂದರೆ ಅಂಥವನಿರಬೇಕು ಎಂದು ಇನ್ನೊಬ್ಬ ಅಳಿಯನ ಕಿವಿಗೇ ಹೇಳಿದರು. ನನಗೆ ಹೊಟ್ಟೆ ಉರಿಯಿತು. ಅತ್ತೆ ನಮ್ಮ ಮನೆಯಲ್ಲಿದ್ದರು, ಅವರ ಮಾತ್ರೆ, ಆಸ್ಪತ್ರೆ, ಬಿಸಿನೀರು ಎಲ್ಲ ನಮ್ಮದು. ಕೀರ್ತಿ ಮಾತ್ರ ವೈಟ್‌ಫೀಲ್ಡಿಗೆ. ಅದರ ಮೇಲೆ ಆ ಮಹಾರಾಯ, ಆಫೀಸಿನಲ್ಲಿ ಏನೋ ರಿಲೀಸ್ ಇದೆ, ಒಂದಷ್ಟು ವಾರ ಬರುವುದಕ್ಕಾಗುವುದಿಲ್ಲ ಎಂದ. ಅತ್ತೆ ಮತ್ತೆ ಎರಡು ತುತ್ತಿಗೆ ಇಳಿದರು. ಡಾಕ್ಟರು ಈ ಸಲ ಆಸ್ಪತ್ರೆಯ ಹೆಸರನ್ನೇ ಹೇಳಿ ಕಳಿಸಿದರು.

ಹೀಗಿರುವಾಗ ಒಂದು ಬೆಳಿಗ್ಗೆ, ಹೆಂಡತಿ ಶಾಲೆಗೆ ಹೋಗಿದ್ದಾಗ, ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲೇ ಇದ್ದ ನಾನು ಅಡುಗೆಮನೆಗೆ ಹೋದೆ. ಅವನ ಕೈಯಲ್ಲಿ ಆಗುವುದು ನನ್ನ ಕೈಯಲ್ಲಿ ಆಗದೇನು ಎಂಬ ಹಟವಷ್ಟೆ. ಅಲ್ಲಿಯವರೆಗೆ ನಾನು ಒಲೆ ಹಚ್ಚಿದ್ದು ಗಡ್ಡ ಕೆರೆಯುವ ನೀರಿಗೆ ಮಾತ್ರ. ಹಾಲನ್ನು ಉಕ್ಕುವವರೆಗೆ ಕಾಯಿಸಿದೆ. ಹಾಲು ಉಕ್ಕದೆ ಕಾದಿದೆ ಎಂದು ಯಾರು ನಂಬುತ್ತಾರೆ? ಸುಡುಸುಡು ಹಾಲಿಗೆ ಕಾರ್ನ್‌ಫ್ಲೋರನ್ನು ಹಾಗೇ ಸುರಿದೆ. ಅದು ಗೋಲಿಗಳಾಗಿ ತೇಲಿತು. ಉಳಿದಿದ್ದ ಚಾಕೊಲೇಟನ್ನು ಮುರಿದು ಹಾಕಿದೆ. ತಳ ಹಿಡಿದ ವಾಸನೆ ಬಂತು. ಸಕ್ಕರೆ ಮರೆತೆ. ಆದದ್ದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಒಂದು ಚಮಚ ಹಾಕಿ, ಅತ್ತೆಯಿದ್ದ ಕೋಣೆಗೆ ಒಯ್ದೆ.

ಅತ್ತೆ ಎದ್ದು ನಿಂತರು. ಲೋಟವನ್ನು ತೆಗೆದುಕೊಂಡು ಒಳಗೆ ನೋಡಿದರು. ತಿಂದರು. ಗಂಟುಗಳನ್ನು ಜಗಿದು ತಿಂದರು. ನಾನು ಬಾಗಿಲಲ್ಲೇ ನಿಂತಿದ್ದೆ, ಲೋಟ ಖಾಲಿಯಾಯಿತು.

"ಹೆಂಗಿದೆ ಅತ್ತೆ?" ಎಂದೆ.

ಅವರು ನನ್ನ ಜೊತೆ ನೇರವಾಗಿ ಮಾತಾಡುವವರಲ್ಲ. ಏನಿದ್ದರೂ ಗೋಡೆಗೆ ಹೇಳುವುದು, ಅಲ್ಲಿಂದ ನಾನು ಕೇಳಿಸಿಕೊಳ್ಳುವುದು. ಅಂದೂ ಗೋಡೆಗೇ ಹೇಳಿದರು. "ಸೆಂದಾಗಿಲ್ಲ. ಆ ಅಳಿಯಂದ್ರು ಮಾಡಿದ್ದೂ ಸೆಂದಾಗಿರ್ಲಿಲ್ಲ."

"ಮತ್ತೆ ಯಾಕೆ ತಿಂದ್ರಿ?"

"ಗಂಡಸ್ರು ಒಲೆ ಮುಂದೆ ನಿಂತ್ಕಂಡು ಮಾಡಿ, ಕೈಯಾರೆ ತಂದವ್ರೆ. ಅದ್ರಾಗೂ ಅಳಿಯಂದ್ರು. ಬ್ಯಾಡ ಅಂದ್ರೆ ಏನಂದ್ಕಂಡಾರು? ಮಗ್ಳಾದ್ರೆ ನಮ್ಮೋಳು. ಬ್ಯಾಡ ಅಂತ ಪಕ್ಕಕ್ಕಿಟ್ರೂ ನಡೀತದೆ."

ನನಗೆ ಮೊದಲು ಬಂದದ್ದು ನಗು. ಬೆಲ್ಜಿಯಂ ಬಿದ್ದುಹೋಗಿತ್ತು. ಕೋಕೋದ ಪಾಲು, ಥರ್ಮಾಮೀಟರು, ಮನಸ್ಸನ್ನು ಎತ್ತುವ ಅಂಶ ಎಲ್ಲವೂ ಬರೀ ದಾಕ್ಷಿಣ್ಯ. ಅವನು ಕಾಯಿಸಿದ್ದು ಡಾಂಬರಾಗಿದ್ದರೂ ಅತ್ತೆ ತಿನ್ನುತ್ತಿದ್ದರು. ಈಗಲೇ ಫೋನ್ ಮಾಡಿ ಹೇಳಬೇಕು ಎಂದು ತಿರುಗಿದೆ. ಹಿಂದೆ ಹೆಂಡತಿ ನಿಂತಿದ್ದಳು. ಶನಿವಾರ, ಅವಳ ಶಾಲೆ ಅರ್ಧ ದಿನ. ಹೆಗಲಿನಿಂದ ಚೀಲ ಇನ್ನೂ ಇಳಿಸಿರಲಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅವಳು ಚೀಲವನ್ನು ಕುರ್ಚಿಗೆ ತಗುಲಿಸಿದಳು. ಅಡುಗೆಮನೆಗೆ ಹೋಗಿ ನಾನು ತಳ ಹಿಡಿಸಿದ್ದ ಪಾತ್ರೆಯನ್ನು ತಿಕ್ಕಿದಳು. ಬಹಳ ಹೊತ್ತು ತಿಕ್ಕಿದಳು. ಅವಳ ಬಸ್ಸಾರು, ಅವಳ ಗಂಜಿ, ಷಡ್ಡಕನಿಗಿಂತ ನುಣ್ಣಗೆ ಅವಳು ಮಾಡಿದ ಚಾಕೊಲೇಟು, ಎಲ್ಲವನ್ನೂ ಅವಳ ಅಮ್ಮ ಸರಿಸಿದ್ದು ಅವಳು ನಮ್ಮವಳು ಎನ್ನುವ ಒಂದೇ ಕಾರಣಕ್ಕೆ. ನಮ್ಮೋಳು ಎನ್ನುವ ಮಾತಿನ ಮೇಲೆ ನನಗೆ ಅಂದು ಹುಟ್ಟಿದ ಜಿಗುಪ್ಸೆ ಹಾಟ್ ಚಾಕೊಲೇಟಿನ ಮೇಲೂ ಹುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಗಂಜಿಯ ಲೋಟವನ್ನು ಕೈಗಿಟ್ಟಳು.

"ನೀವೇ ಮಾಡಿದ್ದು ಅನ್ನಿ."

ಅಂದೆ. ಅತ್ತೆ ಎದ್ದು ನಿಂತು ತೆಗೆದುಕೊಂಡರು. ಪೂರ್ತಿ ಕುಡಿದರು, ಎತ್ತಿ, ಒಂದು ಹನಿ ಸೆರಗಿನ ಮೇಲೆ ಬೀಳದ ಹಾಗೆ. ಮಧ್ಯಾಹ್ನ ಮುದ್ದೆ ಬಸ್ಸಾರು ಒಯ್ದೆ. ಮುದ್ದೆ ಕಟ್ಟುವುದಿರಲಿ, ಹಿಟ್ಟಿನ ಡಬ್ಬ ಎಲ್ಲಿದೆ ಎಂದೂ ತಿಳಿಯದ ನಾನು "ನಾನೇ ಮಾಡಿದ್ದು ಅತ್ತೆ" ಎಂದು ತಟ್ಟೆ ಮುಂದೆ ಹಿಡಿದೆ. ಗಿರಣಿಯವನ ಹೆಂಡತಿಗೆ, ಆ ಮಗಳಿಗೆ ಮುದ್ದೆ ಕಟ್ಟುವುದನ್ನು ಕಲಿಸಿದವರಿಗೆ, ಅದು ಯಾರ ಕೈಯದೆಂದು ತಿಳಿಯಲಿಲ್ಲವೇ? ತಿಳಿದಿತ್ತು ಎಂದೇ ನನ್ನ ನಂಬಿಕೆ. ಒಂದು ದಿನ ಗೋಡೆಗೆ, "ಉಪ್ಪು ಸರ್ಯಾಗದೆ" ಎಂದರು. ತರುವವನು ಅಳಿಯನಾದರೆ ಅವರಿಗೆ ಸಾಕಾಗಿತ್ತು. ಎಂಥ ದಾಕ್ಷಿಣ್ಯವೋ, ಎಂಥ ಕರ್ಮವೋ.

ನಳಿಕೆ ಬೇಕಾಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಯ ರವಿಕೆ ಹೆಗಲ ಮೇಲೆ ನಿಂತಿತು. ಷಡ್ಡಕ ಇಂದಿಗೂ ತನ್ನ ಚಾಕೊಲೇಟಿನಿಂದ ಅತ್ತೆ ಬದುಕಿದ ಕಥೆಯನ್ನು ವೈಟ್‌ಫೀಲ್ಡಿನ ಗೆಳೆಯರಿಗೆ ಹೇಳುತ್ತಾನೆ. ಆನೇಕಲ್ಲಿನ ನೆಂಟರು ಜಾಲಹಳ್ಳಿ ಅಳಿಯ ಅತ್ತೆಗೆ ಮೂರು ಹೊತ್ತೂ ಬೇಯಿಸಿ ಹಾಕಿದ ಕಥೆಯನ್ನು ಹೇಳುತ್ತಾರೆ. ಕೈಲಾಗದ ಇಬ್ಬರಿಗೂ ಒಳ್ಳೆಯ ಹೆಸರು ಬಂತು. ನನ್ನ ಹೆಂಡತಿಯ ಕಥೆಯನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ದಿನಗಳಲ್ಲಿ ಒಮ್ಮೆ ಮಾತ್ರ, ನಾನು ಜಗುಲಿಯಲ್ಲಿ ಪೇಪರ್ ಓದುತ್ತ ತಡಮಾಡಿದಾಗ, ಅವಳು ಸೆರಗಿನಲ್ಲಿ ಲೋಟ ಹಿಡಿದುಕೊಂಡು ಬಂದು ನನ್ನೆದುರು ನಿಂತಳು. ಶಾಲೆಗೆ ಹೊರಟಿದ್ದಳು, ಹಣೆ ಇನ್ನೂ ಒಲೆಯ ಬಿಸಿಗೆ ಬೆವೆತಿತ್ತು.

"ಏಳಿ," ಎಂದಳು. "ನೀವು ಮಾಡಿದ ಗಂಜಿ ಆರೋಗ್ತಿದೆ."